ಒರೆಗಲ್ಲಿನ ಇದ್ರೀಸ್ ಸಾಹೇಬರು

ಚನ್ನಪಟ್ಟಣದ ರೈಲುನಿಲ್ದಾಣದ ಮುಂದಿನ ಅಂಗಡಿಯಲ್ಲಿ ನಿಂತು, "ದಯವಿಟ್ಟು ಸಕ್ಕರೆ ಕಡಿಮೆಯಿರುವ ಒಂದು ಲೋಟ ಚಹಾ ಕೊಡುತ್ತೀರಾ?" ಎಂದು ಒಂದಕ್ಷರವನ್ನೂ ನುಂಗದೆ ಕೇಳುವ ಮನುಷ್ಯ ಈ ಸೀಮೆಯಲ್ಲಿ ಒಬ್ಬರೇ, ಅವರು ಇದ್ರೀಸ್ ಸಾಹೇಬರು. "ಲೇ ಸ್ವಾಮಿ, ಒಂದ್ ಟೀ ಆಕ್ಲಾ" ಎಂಬ ಕೂಗುಗಳ ನಡುವೆ ಅವರ ಆ ಪೂರ್ಣವಾಕ್ಯ ದಾರಿತಪ್ಪಿ ಬಂದ ಅತಿಥಿಯಂತೆ ಸಂಕೋಚದಿಂದ ನಿಲ್ಲುತ್ತಿತ್ತು. ಅಂಗಡಿಯ ಸ್ವಾಮಿ ಮಾತ್ರ ನಗುತ್ತಿರಲಿಲ್ಲ. ಸಾಹೇಬರು ಅತ್ತ ಹೋದೊಡನೆ ಯಾರಾದರೊಬ್ಬರು ಅದನ್ನೇ ಅಣಕಿಸುವುದೂ ಉಳಿದವರು ನಗುವುದೂ ಇದ್ದದ್ದೇ. ಇದು ಅವರಿಗೆ ತಿಳಿದಿತ್ತು ಕೂಡ.

ನಾನು ರಾಮನಗರದ ಕಾಲೇಜಿಗೆ ಪಾಠ ಹೇಳಲು, ಅವರು ಬಿಡದಿಯ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗಕ್ಕೆ; ಬೆಳಗಿನ ಗಾಡಿ ಇಬ್ಬರಿಗೂ ಒಂದೇ. ಅವರದು ಏಪ್ರಿಲ್ ಬಿಸಿಲಿನಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ, ಬೆನ್ನ ಹಿಂದೆ ಕಟ್ಟಿದ ಕೈಗಳು, ಪ್ಲಾಟ್‌ಫಾರ್ಮು ಖಾಲಿಯಿದ್ದರೂ ಗೋಡೆಯಂಚಿನಲ್ಲೇ ಸಾಗುವ ನಡಿಗೆ. ಏನೇ ಹೇಳಲಿ, ಕಡೆಯಲ್ಲಿ "ಎಂದು ನನ್ನ ಅಭಿಪ್ರಾಯ" ಎಂದು ಸೇರಿಸುವರು. ಬೊಂಬೆ ಅಂಗಡಿಯ ಫಲಕದಲ್ಲಿ 'ಬಾರತ್' ಎಂದು ಬರೆದಿದ್ದರೆ ಒಳಹೊಕ್ಕು ವಿನಯದಿಂದ ತಿಳಿಸದೆ ಮುಂದಕ್ಕೆ ಹೋದವರಲ್ಲ. "ಆಯ್ತು ಸಾಹೇಬ್ರೆ, ಪೇಂಟ್ ಮಾಡುಸ್ದಾಗ ನೋಡುವಾ" ಎಂದು ಅಂಗಡಿಯವರು ಸಾಗಹಾಕುತ್ತಿದ್ದರು.

ಈ ಕಟ್ಟುನಿಟ್ಟಿನ ಬೇರು ಎಲ್ಲಿದೆಯೆಂದು ಒಮ್ಮೆ ಅವರೇ ಹೇಳಿದ್ದರು. ತಂದೆತಾಯಿ ರೇಷ್ಮೆ ನೂಲು ತೆಗೆಯುವವರು, ಮನೆಮಾತು ಉರ್ದು. ಹೈಸ್ಕೂಲಿನ ಭಾಷಣ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಕೊಡುತ್ತ ತೀರ್ಪುಗಾರರು ಬೆನ್ನು ತಟ್ಟಿ, "ಭೇಷ್, ನಿಮ್ಮವರ ಬಾಯಲ್ಲೂ ಇಷ್ಟು ಕನ್ನಡ ಇದೆಯಲ್ಲ" ಎಂದರಂತೆ. ಆ ಹೊಗಳಿಕೆ ಅವರಿಗೆ ಇಂದಿಗೂ ಜೀರ್ಣವಾಗಿಲ್ಲ. ಇನ್ನು ಯಾರೂ ತನ್ನ ಕನ್ನಡದಲ್ಲಿ ಬೆರಳಿಡುವಂತಾಗಬಾರದು ಎಂದು ಅಂದೇ ನಿಶ್ಚಯಿಸಿದರು. ಮದುವೆಯಾಗಲಿಲ್ಲ, ತಂಗಿ ಖತೀಜಾ ಅವರ ಸಂಸಾರ ಕೆಳಗೆ, ಇವರು ಮಹಡಿಯ ಕೋಣೆಯಲ್ಲಿ. "ಮನೇಲೂ ಇಂಗೇ ಮಾತಾಡ್ತಾರೆ ಮೇಷ್ಟ್ರೆ," ಎಂದು ಆಕೆ ನನ್ನೊಡನೆ ಅಂದದ್ದುಂಟು, "ಉರ್ದುನೂ ಪುಸ್ತಕ ಓದ್ದಂಗೇಯಾ. ಮಕ್ಳು ಹತ್ರ ಹೋಗಕ್ಕೇ ಹೆದ್ರುತವೆ."

ಆ ಕೋಣೆಯಲ್ಲಿ ಅವರು ಬಹುಕಾಲದಿಂದ ಕಟ್ಟುತ್ತ ಬಂದ ತಂತ್ರಾಂಶದ ಹೆಸರು 'ಒರೆಗಲ್ಲು'. ಕಂಪ್ಯೂಟರಿನಲ್ಲಿ ಕನ್ನಡ ಬರೆದರೆ ತಪ್ಪಿದ ಪದಗಳ ಕೆಳಗೆ ಕೆಂಪು ಗೆರೆ ಎಳೆಯುವುದು ಅದರ ಕೆಲಸ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಬಹುದು, ಪದ ಸೇರಿಸಬಹುದು. ಹಾಗೆ ಸೇರಲು ಬರುವವರಿಗಾಗಿ ಅವರು ಮಾರ್ಗಸೂಚಿಯೊಂದನ್ನು ಬರೆದರು. ಬರೆದು, ತಿದ್ದಿ, ಗಾಡಿಯಲ್ಲಿ ನನ್ನ ಕೈಗಿತ್ತರು. 'ಮುದ್ರಿತ ಗ್ರಂಥಗಳಲ್ಲಿ ಕಾಣದ ಪದವನ್ನು ಸೇರಿಸತಕ್ಕದ್ದಲ್ಲ' ಎಂಬುದು ಅದರ ಬೆನ್ನೆಲುಬು. ಇದು ಕರೆಯೋಲೆಯೋ ಕೋರ್ಟಿನ ಸಮನ್ಸೋ ಎಂದು ನಾನು ನಕ್ಕೆ. ಅವರು ನಗಲಿಲ್ಲ. "ನಿಯಮ ಸ್ಪಷ್ಟವಾಗಿದ್ದರೆ ಯಾರಿಗೂ ಅವಮಾನವಾಗುವುದಿಲ್ಲ, ಎಂದು ನನ್ನ ಅಭಿಪ್ರಾಯ."

ಬಂದವರು ಮಾರ್ಗಸೂಚಿ ಓದಿ ಹಿಂದಿರುಗಿದರು. ಉಳಿದವಳು ಮಾಗಡಿ ಕಡೆಯ ಒಕ್ಕಲು ಮನೆಯ ಸಿರಿ ಒಬ್ಬಳೇ. ಡಿಗ್ರಿ ಮುಗಿಸಿ ಊರಲ್ಲೇ ಇದ್ದ ಆಕೆ ಸಾಹೇಬರಿಗೆ ಕಗ್ಗಂಟಾಗಿದ್ದ ತಂತ್ರಾಂಶದ ದೋಷಗಳನ್ನು ಲೀಲಾಜಾಲವಾಗಿ ಬಿಡಿಸಿ ಕಳಿಸುತ್ತಿದ್ದಳು. ಆ ಮಳೆಗಾಲವಿಡೀ ಸಾಹೇಬರು ಗಾಡಿಯಲ್ಲಿ "ನಮ್ಮ ಸಿರಿಯವರು" ಎನ್ನುತ್ತಲೇ ಮಾತು ಆರಂಭಿಸುತ್ತಿದ್ದರು. ಅಂಗಿಯ ಮೇಲಿನ ಗುಂಡಿ ಬಿಚ್ಚಿದ್ದನ್ನು ನಾನು ಕಂಡದ್ದು ಆಗಲೇ. ಆಮೇಲೆ ಆಕೆ ಒಸಿ, ಐತೆ, ಬತ್ತೀನಿ ಎಂಬಂಥ ಪದಗಳ ಕಂತೆಯೊಂದನ್ನು ಕಳಿಸಿದಳು. ನಿಯಮವನ್ನು ಉಲ್ಲೇಖಿಸಿ ಇವರು ಹಿಂದಿರುಗಿಸಿದರು.

ಒಂದು ಭಾನುವಾರ ಬಸ್ಸು ಹಿಡಿದು ಆಕೆಯೇ ಸಾಹೇಬರ ಕೋಣೆಗೆ ಬಂದಳು. ನಾನೂ ಅಲ್ಲಿದ್ದೆ.

"ಸಾರ್, ನಮ್ಮಜ್ಜಿ ಕತೆ ಏಳ್ತಾಳೆ, ನಾನು ಟೈಪ್ ಮಾಡ್ತೀನಿ. ನಮ್ಮ ಒರೆಗಲ್ಲು ಸಾಲ್‌ಸಾಲಿಗೂ ಕೆಂಪು ಗೆರೆ ಎಳೀತದೆ. ಅಜ್ಜಿ ನೋಡ್ಬುಟ್ಟು, 'ಯಾಕವ್ವಾ, ನಾನು ಅಷ್ಟೊಂದು ತಪ್ಪು ಮಾತಾಡ್ತೀನಾ' ಅಂದ್ಲು. ಏನ್ ಏಳ್ಲಿ?"

ಸಾಹೇಬರು ಎದ್ದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಅಜ್ಜಿಯವರದು ತಪ್ಪಲ್ಲ. ಆದರೆ ಇಂದು ಇದನ್ನು ಒಪ್ಪಿದರೆ ನಾಳೆ ಯಾವುದನ್ನು ತಪ್ಪೆನ್ನುವುದು?"

"ನಿಮ್ಗೇನ್ ಸಾರ್, ನೀವು ಕಲ್ತು ಬಂದೋರು. ನಮ್ಮಜ್ಜಿಗೆ ಇದ್ ಬುಟ್ರೆ ಬ್ಯಾರೆ ಮಾತೇ ಇಲ್ವಲ್ಲ."

ಆಕೆಯ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ 'ಕಲ್ತು ಬಂದೋರು' ಎಂಬ ಮಾತು ತಾಗಿದಾಗ ಸಾಹೇಬರ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. "ನಿಯಮ ಎಲ್ಲರಿಗೂ ಒಂದೇ," ಎಂದಷ್ಟೇ ಹೇಳಿ ಕಿಟಕಿಯತ್ತ ತಿರುಗಿದರು. ಖತೀಜಾ ಕೊಟ್ಟ ಟೀ ಕುಡಿದು ಸಿರಿ ಹೊರಟುಹೋದಳು.

ಮುಕ್ತ ತಂತ್ರಾಂಶದ ಧರ್ಮವೇ ಹಾಗೆ; ಒಪ್ಪದವರು ಪ್ರತಿ ತೆಗೆದುಕೊಂಡು ಬೇರೆ ಒಲೆ ಹೂಡಬಹುದು. ಸಿರಿ ಹೂಡಿದಳು. ಕನಕಪುರ, ಮಂಡ್ಯ ಕಡೆಯ ಹುಡುಗ ಹುಡುಗಿಯರು ಅಲ್ಲಿ ನೆರೆದರು. ಆಕೆಯ ಮಾರ್ಗಸೂಚಿಯನ್ನು ಸಾಹೇಬರೇ ಗಾಡಿಯಲ್ಲಿ ನನಗೆ ಓದಿ ಹೇಳಿದರು: 'ಬನ್ನಿ. ನಿಮ್ಮ ಮನೇಲಿ ಆಡೋ ಮಾತು ಕಳ್ಸಿ. ತಪ್ಪಾದ್ರೆ ಒಟ್ಗೆ ಕೂತು ಸರಿ ಮಾಡ್ಕಳವಾ.' ಕೋಪವಿರಲಿಲ್ಲ. "ಚೆನ್ನಾಗಿದೆ," ಎಂದರು, ಅಭಿಪ್ರಾಯದ ಬಾಲ ಸೇರಿಸುವುದನ್ನು ಮರೆತಿದ್ದರು.

ಆಮೇಲೆ ತಮ್ಮ ಮಾರ್ಗಸೂಚಿಯನ್ನು ಅಳಿಸಿ ಹೊಸದಾಗಿ ಬರೆದರು. ಬೆನ್ನೆಲುಬಿನ ಆ ನಿಯಮವನ್ನೇ ತೆಗೆದರು. ಯಾರೂ ಬರಲಿಲ್ಲ, ಬರಬೇಕಾದವರೆಲ್ಲ ಆಗಲೇ ಆ ಹೊಸ ಒಲೆಯ ಸುತ್ತ ಇದ್ದರು. ಕಡೆಗೆ ಸಿರಿಗೇ ತಿಳಿಸಿದಾಗ "ನೀವೇ ಇಲ್ಲಿಗೆ ಬನ್ನಿ ಸಾರ್" ಎಂದು ಬರೆದಳು. ಸಾಮಾನ್ಯ ಕೊಡುಗೆದಾರನಾಗಿ ಅವರು ಕಳಿಸಿದ ಮೊದಲ ಪದ 'ನಕ್ಕೋ'; ಬೇಡ ಎಂಬುದಕ್ಕೆ ಅಮ್ಮ ಆಡುತ್ತಿದ್ದ ಮಾತು ಎಂದು ಜೊತೆಗೆ ಬರೆದಿದ್ದರು. ತಾಯಿ ಜೈನಬ್ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೈತರೊಡನೆ "ರೇಟು ಜಾಸ್ತಿ ನಕ್ಕೋ ಅಣ್ಣಾ" ಎನ್ನುತ್ತಿದ್ದರೆ, ಅರೆಗನ್ನಡವೆಂದು ನಾಚಿ, ಹುಡುಗ ಇದ್ರೀಸ್ ದೂರ ಸರಿದು ನಿಲ್ಲುತ್ತಿದ್ದರಂತೆ. ಸಿರಿ ಉತ್ತರಿಸಿದಳು: "ಸೇರ್ಸಿದೀನಿ ಸಾರ್. ಅಮ್ಮ ಆಡ್ತಿದ್ದುದ್ ಇನ್ನೂ ಇದ್ರೆ ಕಳ್ಸಿ." ಅದನ್ನು ನನಗೆ ತೋರಿಸಿ, ರಾಮನಗರವೂ ಬರುವ ಮೊದಲೇ ಎದ್ದು ಹೋಗಿ ಬಾಗಿಲ ಬಳಿ ನಿಂತರು. ನಾನು ಇಳಿಯುವಾಗಲೂ ತಿರುಗಲಿಲ್ಲ.

ಅವರಂಥವರನ್ನು ಬೇರೆಡೆಯೂ ಕಂಡಿದ್ದೇನೆ. ಹುಟ್ಟಿದ ಮನೆಯಲ್ಲೇ ಬಾಡಿಗೆಯವನೆಂದು ಕರೆಸಿಕೊಂಡವನು ಅಂಗಳವನ್ನು ಉಳಿದವರಿಗಿಂತ ಹೆಚ್ಚು ಗುಡಿಸುತ್ತಾನೆ. ಯಾರ ಕಾಲಿನ ಧೂಳೂ ಒಳಗೆ ಬರದಂತೆ ಹೊಸ್ತಿಲಲ್ಲೇ ಕಾದು ನಿಲ್ಲುತ್ತಾನೆ. ಮನೆ ನಿರ್ಮಲವಾಗಿರುತ್ತದೆ. ನೆಂಟರು ಪಕ್ಕದ ಮನೆಯಲ್ಲಿ ನಗುತ್ತಿರುತ್ತಾರೆ.