ಎರಡು ತೂತಿನ ಆಪರೇಷನ್

"ಎರಡೇ ತೂತು ಕಣ್ರೀ, ಮಾರನೇ ದಿನವೇ ಮನೆಗೆ ಬಂದ್ವಿ" ಎಂದು ನನ್ನ ಗಂಡ ಶ್ರೀವತ್ಸ ಹೊಸೂರಿಗೆಲ್ಲ ಡಂಗುರ ಸಾರಿಬಿಟ್ಟಿದ್ದರು. ಆ ತೂತುಗಳಿಂದ ಕ್ಯಾಮೆರಾ ಇಳಿಸಿ, ನನ್ನ ಸೊಂಟದ ಕೀಲಿನೊಳಗೆ ಹರಿದಿದ್ದನ್ನು ಡಾಕ್ಟರು ಹೊಲಿದಿದ್ದರು. ತಿಂಗಳೊಪ್ಪತ್ತು ಆ ಕಾಲಿನ ಮೇಲೆ ಭಾರ ಬಿಡಕೂಡದು, ಬಿಟ್ಟರೆ ಹೊಲಿಗೆ ಕಿತ್ತು ಮತ್ತೆ ಆಪರೇಷನ್ ಎಂದೂ ಹೇಳಿದ್ದರು. ಇದನ್ನು ಮಾತ್ರ ಇವರು ಯಾರಿಗೂ ಹೇಳಲಿಲ್ಲ.

ನೋಡಲು ಬಂದ ಹೆಂಗಸರಿಗೆಲ್ಲ ಗಾಯ ನೋಡುವ ಆಸೆ. ನಮಗೆ ತರಕಾರಿ ತಂದುಕೊಡುವ ಬಾಗಲೂರಿನ ಚೆನ್ನಮ್ಮ ಪುಟ್ಟ ಪ್ಲಾಸ್ಟರು ನೋಡಿ ಪೆಚ್ಚಾದಳು.

"ಇಷ್ಟೇನಾ ಟೀಚರಮ್ಮಾ? ನಮ್ ರೋಜಾ ತೋಟ್ದಾಗೆ ಮುಳ್ಳು ಗೀರುದ್ರೂ ಇದ್ಕಿಂತ ದೊಡ್ದಾಗ್ತದೆ!"

ಅತ್ತೆ ಜಲಜಮ್ಮನವರೂ ನಕ್ಕರು. "ಏಳಮ್ಮ ಲಕ್ಷ್ಮೀ, ಮುತ್ತೈದೆ ಹೊರಟಿದ್ದಾಳೆ, ಕುಂಕುಮ ಕೊಡು" ಎಂದರು.

ಮಾವ ತೀರಿಕೊಂಡ ಮೇಲೆ ಅತ್ತೆ ಕುಂಕುಮದ ಬಟ್ಟಲು ಮುಟ್ಟುವುದಿಲ್ಲ. ಮನೆಯಲ್ಲಿ ಬೇರೆ ಹೆಂಗಸಿಲ್ಲ. ಮಲಗಿದಲ್ಲಿಂದಲೇ ಕೊಟ್ಟರೆ ಬಂದವರಿಗೆ ಅವಮಾನವಂತೆ. ಹೀಗೆ ನನ್ನನ್ನು ನೋಡಿಕೊಂಡು ಹೋಗಲು ಬಂದವರನ್ನೆಲ್ಲ ನಾನೇ ಎದ್ದು, ಗೋಡೆ ಹಿಡಿದು, ದೇವರ ಮನೆಗೆ ಹೋಗಿ ಬಂದು ಕಳಿಸಿಕೊಡುತ್ತಿದ್ದೆ. ಬೇಡ ಎನ್ನಲೂ ತ್ರಾಣವಿರಲಿಲ್ಲ.

ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಸಿಂಧು ಸೊಂಟ ಮುಟ್ಟಿ ಮುಖ ಸಣ್ಣದು ಮಾಡಿದಳು. "ಅಕ್ಕಾ, ಊದಿದೆಯಲ್ಲ. ಕಾಲೂರಿದ್ರಾ?"

"ಊರದೆ ಏನ್ಮಾಡ್ಲಿ? ಒಂದು ಉಪಕಾರ ಮಾಡು. ಸೊಂಟದಿಂದ ಮಂಡಿ ದಾಟೋವರೆಗೂ ದೊಡ್ಡ ಬ್ಯಾಂಡೇಜ್ ಸುತ್ತು."

"ನಿಮಗದು ಬೇಕಾಗಿಲ್ಲ ಅಕ್ಕಾ."

"ನನಗಲ್ಲ ಕಣೆ, ನೋಡೋರಿಗೆ."

ಅವಳು ನಗಲಿಲ್ಲ. ಸುತ್ತಿಕೊಟ್ಟು ಹೋದಳು.

ಸಂಜೆ ಪಕ್ಕದ ಮನೆಯ ರಂಜಿನಿ ಬಂದವಳು ಬಾಗಿಲಲ್ಲೇ ಬಾಯಿ ಮೇಲೆ ಕೈಯಿಟ್ಟಳು. "ಅಯ್ಯೋ ದೇವ್ರೇ, ಏಳ್ಬೇಡಿ ನೀವು!" ಹೊರಡುವಾಗ ತಾನೇ ಹೋಗಿ ಬಟ್ಟಲು ತಂದು, ನನ್ನ ಹಣೆಗಿಟ್ಟು ತಾನೂ ಇಟ್ಟುಕೊಂಡಳು. ಅತ್ತೆ ಬಂದು ಹೊದಿಕೆ ಸರಿಮಾಡಿ, "ಇನ್ಮೇಲೆ ಯಾರ್ ಬಂದ್ರೂ ಏಳ್ಬೇಡಮ್ಮ" ಎಂದರು. ಸಿಟ್ಟೂ ಬಂತು, ಜೀವಕ್ಕೆ ಹಾಯೆನಿಸಿತು ಕೂಡ.

ಅಷ್ಟರಲ್ಲಿ ಇವರು ಕಾಫಿ ಮಾಡಿ ತಂದರು. ಹಾಸಿಗೆಯ ಅಂಚಿನಲ್ಲಿ ಕೂತು, ಬ್ಯಾಂಡೇಜಿನ ಮೇಲೆ ಮೆಲ್ಲಗೆ ಕೈಯಿಟ್ಟರು.

"ತುಂಬಾ ನೋಯ್ತಿದೆಯಾ?"

ಆಪರೇಷನ್ನಾದಾಗಿನಿಂದ ಇದನ್ನು ಒಮ್ಮೆಯೂ ಕೇಳಿರಲಿಲ್ಲ. ಅವರ ಕೈ ಇದ್ದದ್ದು ನನ್ನ ಮಂಡಿಯ ಮೇಲೆ. ಅಲ್ಲಿ ನನಗೇನೂ ಆಗಿರಲಿಲ್ಲ. ಆದರೂ ಹೂಂ ಎಂದೆ, ಅತ್ತುಬಿಟ್ಟೆ.