ವಿದ್ಯಾಶ್ರೀಯ ಬಾಗಿಲ ಚಿಲಕ

ನಾನು ಒಂದು ಚಿಲಕ. ಕಬ್ಬಿಣವನ್ನು ಕಾಯಿಸಿ, ಬಾಗಿಸಿ, ಮೇಲೊಂದು ಬೆಳ್ಳಗಿನ ಲೇಪ ಕೊಟ್ಟು ನನ್ನನ್ನು ಮಾಡಿದರು. ಲಕ್ಷ್ಮೇಶ್ವರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನನ್ನಂಥವೇ ಇನ್ನಷ್ಟು ಚಿಲಕಗಳ ಜೊತೆ ಡಬ್ಬಿಯಲ್ಲಿ ಬಿದ್ದಿದ್ದೆ. ನಮಗೆ ಬರುವುದು ಒಂದೇ ಕೆಲಸ, ಸರಿಯುವುದು. ಹಾಕಿದರೆ ಹಾಕಿಕೊಳ್ಳುತ್ತೇವೆ, ತೆಗೆದರೆ ತೆರೆದುಕೊಳ್ಳುತ್ತೇವೆ. ಇಷ್ಟಕ್ಕೇ ನನ್ನ ತಲೆಗೆ ಅಪವಾದ ಕಟ್ಟುತ್ತಾರೆಂದು ಯಾರು ಕಂಡಿದ್ದರು!

ನನ್ನನ್ನು ಕೊಂಡವಳು ಅನ್ನಪೂರ್ಣಾ. "ಮಗಳು ಗದಗಕ್ಕ ಕಾಲೇಜಿಗೆ ಹೊಂಟಾಳ್ರೀ. ಆಕಿ ಖೋಲೀಗೆ ಒಂದು ಚಿಲಕ ಬೇಕು" ಎಂದು ಅಂಗಡಿಯವನಿಗೆ ಹೇಳಿ, ಸರಿಸಿ ಸರಿಸಿ ನೋಡಿ ಆರಿಸಿದಳು. ಬಡಿಗೇರ ಬಂದು ಬಾಗಿಲಿಗೆ ಕೂಡಿಸಿದ.

ಆಗ ಆ ಮನೆ ಚೆನ್ನಾಗಿತ್ತು. ಸಂಜೆ ಮಗಳು ವಿದ್ಯಾಶ್ರೀ ಬಂದು ಚೀಲ ಮೂಲೆಗೆ ಒಗೆದರೆ ಸಾಕು, ಅನ್ನಪೂರ್ಣಾ ಚುರುಮುರಿ ಬಟ್ಟಲು ಹಿಡಿದು ಅವಳ ಮಂಚದ ಮೇಲೆ ಬಂದು ಕೂಡುತ್ತಿದ್ದಳು. ಕೆಮಿಸ್ಟ್ರಿ ಲೆಕ್ಚರರ್ ನಡಿಗೆಯನ್ನು ಮಗಳು ಮಾಡಿ ತೋರಿಸಿದರೆ ತಾಯಿ ಬಿದ್ದು ಬಿದ್ದು ನಗುತ್ತಿದ್ದಳು. ನನ್ನನ್ನು ಹಾಕುವ ಪ್ರಸಂಗವೇ ಅಪರೂಪ.

ದೀಪಾವಳಿ ಕಳೆದ ಮೇಲೆ ಹುಡುಗಿ ದಿನಾ ನನ್ನನ್ನು ಹಾಕತೊಡಗಿದಳು. ಹಾಕಿ, ನನ್ನ ಮೇಲೆ ಕೈಯಿಟ್ಟು, ಬಾಗಿಲಿಗೆ ಹಣೆ ಹಚ್ಚಿ ಸಣ್ಣ ದನಿಯಲ್ಲಿ ಮಾತಾಡುವಳು. ಯಾರೊಂದಿಗೆ? ತಾಯಿಯೊಂದಿಗೆ. ತಾಯಿ ಒಳಗಿರಲಿಲ್ಲ. ಅವಳಿಗೆ ಹೇಗೆ ಹೇಳಬೇಕೆಂದು ಹುಡುಗಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು.

"ಅವ್ವಾ, ಬೈಬ್ಯಾಡ, ಮೊದಲ ಕೇಳು. ಮುಂಜಾನಿ ಬಸ್‌ನ್ಯಾಗ ಒಬ್ಬಾಂವ ಬರ್ತಾನ. ಅಂವ ಹಿಂದ ಬಂದು ನಿಂದರ್ತಾನ. ನಾ ಸರದ್ರ ಅಂವನೂ ಸರೀತಾನ. ಅಂವ ಯಾರಂತ ನನಗ ಗೊತ್ತಿಲ್ಲವ್ವಾ. ನಾಳೆ ನೀ ನನ್ನ ಕೂಡ ಬರ್ತಿ?"

ಕೈ ಬೆವರಿ ಜಾರುತ್ತಿತ್ತು. ಅರ್ಧಕ್ಕೇ ನಿಲ್ಲಿಸಿ, ನಾಳೆ ಹೇಳಿದರಾಯಿತೆಂದು ಬಿಡುತ್ತಿದ್ದಳು.

ಹೊರಗೆ ಅನ್ನಪೂರ್ಣಾ ಕಿವಿ ಹಚ್ಚಿದ್ದಳು. ಅವಳ ಕಿವಿಗೆ ಬಿದ್ದದ್ದು ಒಂದೇ ಪದ, ಅಂವ. ಬಾಗಿಲು ಬಡಿದು "ಏನಾತವಾ?" ಎಂದಿದ್ದರೆ ಮುಗಿದುಹೋಗುತ್ತಿತ್ತು. ಕೇಳಲಿಲ್ಲ! ಮಗಳು ಜಳಕಕ್ಕೆ ಹೋದಾಗ ಮೊಬೈಲ್ ತೆಗೆದು ತಡಕಾಡಿದಳು. ಏನೂ ಸಿಗಲಿಲ್ಲ. "ಅಳಿಸ್ಯಾಳ" ಎಂದಳು. ಸಿಕ್ಕರೂ ತಪ್ಪು, ಸಿಗದಿದ್ದರೂ ತಪ್ಪು, ಇದಾವ ನ್ಯಾಯ? ಚೀಲ ಜಾಲಾಡಿದಳು, ದಿಂಬಿನ ಕವರು ಬಿಚ್ಚಿದಳು. ಚುರುಮುರಿ ನಿಂತಿತು. ಜಡೆ ಹಾಕುವಾಗಲೂ ಕನ್ನಡಿಯಲ್ಲಿ ಮಗಳ ಮುಖವನ್ನು ಪೊಲೀಸರ ಹಾಗೆ ನೋಡುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಂಜೆ ಹುಡುಗಿ ಗಟ್ಟಿ ಮನಸ್ಸು ಮಾಡಿದಳು. ನನ್ನನ್ನು ಸರಿಸಿ ಹೊರಗೆ ಬಂದಳು. ನಾನು ಹಿಗ್ಗಿನಿಂದ ಸದ್ದಿಲ್ಲದೆ ಸರಿದುಕೊಟ್ಟೆ.

"ಅವ್ವಾ, ನಿನಗೊಂದು ಮಾತು ಹೇಳೂದೈತಿ."

"ಯಾರಂವ?" ಎಂದಳು ಅನ್ನಪೂರ್ಣಾ.

ಹುಡುಗಿ ಹಿಂದೆ ಸರಿದು ಬಾಗಿಲ ಚೌಕಟ್ಟು ಹಿಡಿದಳು.

"ನಿನ್ನ ಮಾರಿ ನೋಡಿದ್ರ ತಿಳೀತೈತಿ. ಹೆಸರ ಹೇಳ."

"ಯಾರೂ ಇಲ್ಲ."

"ಮತ್ತ ಏನು ಹೇಳೂದಿತ್ತು?"

"ಏನಿಲ್ಲ. ಹೊಟ್ಟಿ ಹಸದೈತಿ."

ಮರುದಿನ ಮಗಳು ಕಾಲೇಜಿಗೆ ಹೋದ ಮೇಲೆ ಅನ್ನಪೂರ್ಣಾ ಕೊತ್ತಂಬರಿ ಹೆಚ್ಚುವ ಚಾಕುವಿನ ತುದಿಯಿಂದ ನನ್ನ ಸ್ಕ್ರೂಗಳನ್ನು ತಿರುಗಿಸಿ ತೆಗೆದಳು. ತಾನೇ ಆರಿಸಿ ತಂದವನನ್ನು ಕಳ್ಳನ ಜೊತೆಗಾರನೆಂಬಂತೆ ಮೊಳೆಗಳ ಡಬ್ಬಿಗೆ ಎಸೆದಳು. ಸಂಜೆ ವಿದ್ಯಾಶ್ರೀ ಬಂದು, ಬರೀ ತೂತುಗಳಷ್ಟೇ ಉಳಿದ ಬಾಗಿಲನ್ನು ಮುಂದೆ ಮಾಡಿಕೊಂಡ ಸದ್ದು ಡಬ್ಬಿಯೊಳಗೂ ಕೇಳಿಸಿತು. ಆ ಮೇಲೆ ಅವಳು ಬಾಯಿಪಾಠ ಮಾಡಿದ್ದು ನನಗೆ ಕೇಳಲೇ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ಕೇಳಿದ್ದು ಒಂದೇ, "ನಾ ಇನ್ನ ಕಾಲೇಜಿಗೆ ಹೋಗೂದಿಲ್ಲ." ಯಾಕೆಂದು ಯಾರೂ ಕೇಳಲಿಲ್ಲ. ಯಾಕೆಂದು ತಮಗೆ ಗೊತ್ತಿದೆ ಎಂದುಕೊಂಡಿದ್ದರು.

ಮೊನ್ನೆ ಹಳೇ ಕಬ್ಬಿಣದವನು ಬಂದ. ಒಡೆದ ಬಕೆಟ್ಟಿನ ಹಿಡಿಕೆಯ ಜೊತೆ ನನ್ನನ್ನೂ ಅವನ ಗಾಡಿಗೆ ಹಾಕುತ್ತ ಅನ್ನಪೂರ್ಣಾ ಪಕ್ಕದ ಮನೆಯವಳಿಗೆ ಹೇಳಿದಳು, "ಈ ಚಿಲಕ ತಗದೆ ನೋಡ್ರಿ, ತಾನ ದಾರೀಗೆ ಬಂದ್ಲು. ಈಗ ಹೊರಗ ಹೆಜ್ಜಿ ಇಡೂದಿಲ್ಲ." ಹಿಂದೆ ಕಟ್ಟೆಯ ಮೇಲೆ ವಿದ್ಯಾಶ್ರೀ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ನನಗೆ ಬಾಯಿ ಇದ್ದಿದ್ದರೆ ಅವತ್ತು ಓಣಿಯೇ ಎದ್ದು ಬರುವಂತೆ ಕೂಗುತ್ತಿದ್ದೆ.

ಈಗ ನಾನಿರುವ ಗುಜರಿ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗಿದೆ. ತುಕ್ಕು ಹಿಡಿಯುತ್ತ ಬಿದ್ದಿದ್ದೇನೆ. ಮುಂಜಾನೆ ಗದಗದ ಬಸ್ಸು ಬಂದರೆ ಕಾಲೇಜಿನ ಹುಡುಗಿಯರು ಹತ್ತುತ್ತಾರೆ. ಅವರ ಬೆನ್ನಿಗೇ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಮನುಷ್ಯ ದಿನವೂ ಹತ್ತುತ್ತಾನೆ. ಅವನ ಮೇಲೆ ಯಾರಿಗೂ ಅನುಮಾನವಿಲ್ಲ.