ಝಮಕುವಿನ ಹತ್ತನೇ ಕ್ಲಾಸು

ವರ್ಷದಲ್ಲಿ ಎಂಟು ತಿಂಗಳು ನಾವು ರಣ್ ಎಂಬ ಉಪ್ಪಿನ ಬಯಲಿನಲ್ಲೇ ಇರುತ್ತಿದ್ದೆವು. ಮಳೆನೀರು ಇಳಿದು ಕೆಸರು ಗಟ್ಟಿಯಾದೊಡನೆ ಬಾಪು, ಮಾ, ನಾನು, ತಂಗಿ ಝಮಕು ಪಾತ್ರೆಪಗಡೆ ಹೇರಿಕೊಂಡು ಹೋಗಿ, ಬಾವಿ ತೋಡಿ, ಉಪ್ಪುನೀರನ್ನು ಮಡಿಗಳಿಗೆ ಹಾಯಿಸುತ್ತಿದ್ದೆವು. ಬೆಳಗಿನ ಹೊತ್ತು ನೆಲ ಯಾವುದು, ಆಕಾಶ ಯಾವುದು ತಿಳಿಯದು. ಮಧ್ಯಾಹ್ನ ಬಿಸಿಲ್ಗುದುರೆ ಎದ್ದಾಗ ಕಾಡುಕತ್ತೆಗಳ ಹಿಂಡು ಕಾಲೇ ಇಲ್ಲದಂತೆ ನೀರಿನ ಮೇಲೆ ತೇಲಿಹೋಗುತ್ತಿತ್ತು. ಎಚ್ಚರವಾಗಿದ್ದೇನೋ, ನಿದ್ದೆಯಲ್ಲಿದ್ದೇನೋ ಎಂದು ಎಷ್ಟೋ ಸಲ ನನಗೇ ಅನುಮಾನ ಬರುತ್ತಿತ್ತು.

ನಾನು ಲಾಭು, ಝಮಕುವಿನ ಅಕ್ಕ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟೆ. ಬಿಟ್ಟೆ ಅನ್ನುವುದೂ ಸರಿಯಲ್ಲ. ಒಂದು ಬೇಸಿಗೆ ಊರಿಗೆ ಮರಳಿದಾಗ ಹಾಜರಿಪುಸ್ತಕದಲ್ಲಿ ನನ್ನ ಹೆಸರೇ ಇರಲಿಲ್ಲ. “ಮುಂದಿನ ವರ್ಷ ಸೇರಿಸೋಣ” ಅಂದ ಬಾಪು. ಮುಂದಿನ ವರ್ಷಕ್ಕೆ ನನ್ನ ಕೈಗೆ ಉಪ್ಪು ಕೆದಕುವ ಕುಂಟೆ ಬಂದಿತ್ತು.

ಝಮಕು ಹಟಮಾರಿ. ರಣ್‌ನ ಡೇರೆ ಶಾಲೆಯಲ್ಲಿ ಐದನೆಯದು ಮುಗಿಸಿದಳು. ಆಮೇಲೆ ವರ್ಷಕ್ಕೆ ನಾಲ್ಕು ತಿಂಗಳು ಊರಿನ ಶಾಲೆ, ಉಳಿದದ್ದೆಲ್ಲ ತಾನೇ ಓದಿಕೊಂಡದ್ದು. ಹೆಡ್‌ಮಾಸ್ತರು ಪುಣ್ಯಾತ್ಮರು, ಅವಳ ಹೆಸರು ಹೊಡೆದುಹಾಕಲಿಲ್ಲ. ಮಡಿಯಲ್ಲಿ ಕುಂಟೆ ಎಳೆಯುತ್ತ ಅವಳು ಪಾಠ ಒಪ್ಪಿಸುವಳು, ಜೊತೆಗೆ ನಾನೂ ಅರ್ಥ ತಿಳಿಯದೆ ಗುನುಗುವೆ.

“ಕಲೆಕ್ಟರ್ ಆಗಿ ಉಪ್ಪಿಗೆ ಸಕ್ಕರೆ ಅಂತ ಹೆಸರಿಡ್ತಾಳೆ ನೋಡು” ಎಂದು ಬಾಪು ಅಣಕಿಸುತ್ತಿದ್ದ.

ಮಾರ್ಚಿನಲ್ಲಿ ಅವಳ ಹತ್ತನೇ ಕ್ಲಾಸಿನ ಪರೀಕ್ಷೆ. ಅದೇ ಹೊತ್ತಿಗೆ ಉಪ್ಪು ಹರಳುಗಟ್ಟುತ್ತದೆ, ದಿನವೂ ಕೆದಕದಿದ್ದರೆ ಕೆಡುತ್ತದೆ. ಆ ವರ್ಷ ಅಂಗಾಲು ಒಡೆದು ಕೀವಾಗಿ ಮಾ ಹಾಸಿಗೆ ಹಿಡಿದಳು.

ಸಜ್ಜೆ ರೊಟ್ಟಿ ಮುರಿಯುತ್ತ ಬಾಪು ಹೇಳಿದ: “ಈ ಸಲ ಬ್ಯಾಡ ಝಮಕು. ಮುಂದಿನ ವರ್ಷ ಬರೀವಂತೆ.”

ಝಮಕು ತಟ್ಟೆ ನೋಡುತ್ತ ಕೂತಳು. ನನಗೆ ಎಲ್ಲಿತ್ತೋ ಆ ಸಿಟ್ಟು!

“ಬಾಪು, ಆ ಮುಂದಿನ ವರ್ಷಕ್ಕೆ ನಾನಿನ್ನೂ ಕಾಯ್ತಾನೇ ಇದೀನಿ. ಅವಳ ಪಾಲಿನ ಕೆಲಸ ನಂದು, ಮಾ ಪಾಲಿಂದೂ ನಂದು. ಅವಳು ಹೋಗ್ಲಿ.”

“ಹೋಗಿ ಇರೋದೆಲ್ಲಿ? ಪಟ್ಟಣದಾಗೆ ನಿಮ್ಮಜ್ಜ ಅರಮನೆ ಕಟ್ಟಿಸಿದಾನಾ?”

ಪಟ್ಟಣದಿಂದ ನೀರಿನ ಟ್ಯಾಂಕರು ತರುವ ಉಸ್ಮಾನ್ ಕಾಕಾ ಪೀಪಾಯಿಗೆ ಪೈಪು ಬಿಟ್ಟು ನಿಂತಿದ್ದ. “ನಮ್ಮನೇಲಿರ್ತಾಳೆ ಬಿಡಪ್ಪ. ಮೂರು ಮಕ್ಕಳು ಗಲಾಟೆ ಮಾಡ್ತವೆ, ಅದೊಂದು ಸಹಿಸ್ಕೊಂಡ್ರೆ ಆಯ್ತು” ಅಂದ.

ಬಾಪು ರೊಟ್ಟಿ ಕೆಳಗಿಟ್ಟ. ಎದ್ದುಹೋಗಿ ಅವಳ ಪುಸ್ತಕದ ಚೀಲ ತಂದು ಟ್ಯಾಂಕರಿನ ಸೀಟಿನ ಮೇಲಿಟ್ಟ.

ಆ ದಿನಗಳಲ್ಲಿ ನಾನು ಮೂವರ ಕೆಲಸ ಎಳೆದೆ. ಪರೀಕ್ಷೆಯ ಕೋಣೆ ಹೇಗಿರುತ್ತದೋ ನನಗೆ ಗೊತ್ತಿರಲಿಲ್ಲ. ಬಿಸಿಲಲ್ಲಿ ಕಣ್ಣು ಮಂಜಾದಾಗ ಅದನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ. ಬಿಳಿ ಗೋಡೆ, ನೆಲದ ತುಂಬ ತಿಳಿನೀರು, ಅದರ ಮೇಲೆ ಸಾಲುಸಾಲಾಗಿ ತೇಲುವ ಹುಡುಗಿಯರು, ಯಾರ ಕಾಲಿಗೂ ಒಡಕಿಲ್ಲ. ಅವರ ನಡುವೆ ಝಮಕು ತಲೆಯೆತ್ತದೆ ಬರೆಯುತ್ತಿದ್ದಳು. ಅವಳ ಪಕ್ಕದ ಒಂದು ಜಾಗ ಖಾಲಿ ಇರುತ್ತಿತ್ತು. ಅದರಲ್ಲಿ ಹೋಗಿ ಕೂರುವಷ್ಟರಲ್ಲಿ ಬಾಪು ನನ್ನನ್ನು ಕೂಗುತ್ತಿದ್ದ.

ಫಲಿತಾಂಶ ಬಂತು. ಗಣಿತದಲ್ಲಿ ಫೇಲು. ಝಮಕು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

“ಒಂದೇ ಒಂದು ತಾನೇ? ನಾನು ಎಲ್ಲದರಾಗೂ ಫೇಲು, ಬದುಕಿಲ್ವಾ?” ಅಂದ ಬಾಪು. ಮಾ ಜೋರಾಗಿ ನಕ್ಕಳು. ಆಮೇಲೆ ಝಮಕುವೂ ನಕ್ಕಳು. ಆಗ ನಾವು ಊರಲ್ಲಿದ್ದೆವು, ಹೆಡ್‌ಮಾಸ್ತರು ದಿನಾ ಸಂಜೆ ಲೆಕ್ಕ ಹೇಳಿಕೊಟ್ಟರು. ಜುಲೈನಲ್ಲಿ ಮತ್ತೆ ಬರೆದು ಪಾಸಾದಳು.

ಹನ್ನೊಂದನೇ ಕ್ಲಾಸಿಗೆ ಪಟ್ಟಣದ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಸೇರಿಸಲು ಬಾಪುವಿನ ಜೊತೆ ನಾನೂ ಹೋದೆ. ಗುಮಾಸ್ತೆ ಅರ್ಜಿ ಮುಂದೆ ತಳ್ಳಿ, “ಪೋಷಕರ ಸಹಿ ಮಾಡಿ” ಅಂದಳು.

ಬಾಪು ಹೆಬ್ಬೆಟ್ಟು ಎತ್ತಿ, ಯಾಕೋ ತಡೆದ. “ಲಾಭು, ನೀನು ಹಾಕು” ಎಂದ.

“ಅಕ್ಕ ಹಾಕಬಹುದಾ ಮೇಡಂ?” ಝಮಕು ಕೇಳಿದಳು. ಗುಮಾಸ್ತೆ ನನ್ನ ಕೈ ನೋಡಿದಳು, ಹೂಂ ಅಂದಳು.

ಪೆನ್ನು ಹಿಡಿದೆ. ನನ್ನ ಹೆಸರಿನ ಮೊದಲ ಅಕ್ಷರ ಸೊಟ್ಟಗಾಯಿತು. ಎರಡನೆಯದು ನೆನಪಾಗಲು ತಡವಾಯಿತು. ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೂ ಅವಸರ ಮಾಡಲಿಲ್ಲ.